ಟ್ರಕ್ ಕ್ಯಾಂಪರ್ ಹಿಂದೆ ಟ್ರೇಲರ್: ಭಾರ ಬೀಳೋದು ಎಲ್ಲಿ?

[ದೃಶ್ಯ: ಕ್ಯಾಂಪರ್ ಹೊತ್ತ ಪಿಕಪ್, ಹಿಂದೆ ಟ್ರೇಲರ್]

ನಮಸ್ಕಾರ. ಅಮೆರಿಕದ ಹೆದ್ದಾರಿಗಳಲ್ಲಿ ಇಂಥ ಗಾಡಿ ನೋಡಿರ್ತೀರಿ. ಪಿಕಪ್ ಟ್ರಕ್ಕಿನ ಮೇಲೆ ಹಾಸಿಗೆ, ಒಲೆ ಎಲ್ಲ ಇರೋ ಕ್ಯಾಂಪರ್, ಅದರ ಹಿಂದೆ ಬೈಕ್ ಹೇರಿರೋ ಟ್ರೇಲರ್. ಅಲ್ಲಿರೋ ನಮ್ಮ ಕನ್ನಡದವರು ಯಾರಾದ್ರೂ ಹೀಗೆ ಹೊರಡೋರಿದ್ರೆ, ದಯವಿಟ್ಟು ಇದನ್ನ ಪೂರ್ತಿ ನೋಡಿ. ಟ್ರಕ್ ಎಷ್ಟು ಎಳೆಯುತ್ತೆ ಅಂತ ಎಲ್ಲರೂ ಕೇಳ್ತಾರೆ. ಹಿಂದಿನ ಆಕ್ಸಲ್, ಅಂದ್ರೆ ಹಿಂದಿನ ಚಕ್ರಗಳ ಅಚ್ಚು, ಇನ್ನೂ ಎಷ್ಟು ಹೊರುತ್ತೆ ಅನ್ನೋದನ್ನ ಮೊದಲು ನೋಡಬೇಕು.

[ಗ್ರಾಫಿಕ್ಸ್: ಪಕ್ಕದಿಂದ ಕಾಣೋ ಟ್ರಕ್]

ಎಷ್ಟೋ ಕ್ಯಾಂಪರ್‌ಗಳು ಬಂಪರ್ ದಾಟಿ ಹಿಂದಕ್ಕೆ ಚಾಚಿರುತ್ವೆ. ಅದಕ್ಕೇ ಹಿಚ್‌ಗೆ, ಅಂದ್ರೆ ಟ್ರೇಲರ್ ಸಿಕ್ಕಿಸೋ ಕೊಂಡಿಗೆ, ಎಕ್ಸ್‌ಟೆನ್ಷನ್ ಹಾಕಿ ಉದ್ದ ಮಾಡ್ತಾರೆ. ತೊಂದರೆ ಶುರುವಾಗೋದೇ ಅಲ್ಲಿ.

4,000 ಪೌಂಡ್ ಟ್ರೇಲರ್ ಅಂತಿಟ್ಕೊಳ್ಳಿ. ಅದರ ಮೂತಿ ಹಿಚ್ ಮೇಲೆ 400 ಪೌಂಡ್ ಒತ್ತುತ್ತೆ. ಇದೇ ಟಂಗ್ ವೇಟ್. ಟ್ರಕ್ಕಿನ ಎರಡು ಆಕ್ಸಲ್ ನಡುವೆ 14 ಅಡಿ. ಎಕ್ಸ್‌ಟೆನ್ಷನ್ ಸೇರಿ, ಟ್ರೇಲರ್ ಮೂತಿ ಕೂರೋ ಗುಂಡು, ಅಂದ್ರೆ ಹಿಚ್ ಬಾಲ್ ಇರೋದು ಹಿಂದಿನ ಆಕ್ಸಲ್‌ನಿಂದ 7 ಅಡಿ ಆಚೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ, ಆ 400 ಪೌಂಡ್ ಮುಂದಿನ ಆಕ್ಸಲ್‌ನ ಮೇಲಕ್ಕೆತ್ತುತ್ತೆ. ಅಲ್ಲಿ 200 ಪೌಂಡ್ ಹಗುರಾಗುತ್ತೆ, ಹಿಂದಿನ ಆಕ್ಸಲ್ ಮೇಲೆ 600 ಬೀಳುತ್ತೆ. ಎಕ್ಸ್‌ಟೆನ್ಷನ್ ಇಲ್ದೆ ಬಾಲ್ 4 ಅಡಿ ದೂರದಲ್ಲೇ ಇದ್ದಿದ್ರೆ ಸುಮಾರು 515 ಮಾತ್ರ ಬೀಳ್ತಿತ್ತು. ಕ್ಯಾಂಪರ್ ಹೊತ್ತು ಮೊದಲೇ ಬಳಲಿರೋ ಆಕ್ಸಲ್ ಅದು! ಮುಂದಿನ ಚಕ್ರ ಹಗುರಾದಷ್ಟೂ ಸ್ಟೀರಿಂಗ್ ಹಿಡಿತ ತಪ್ಪುತ್ತೆ.

ಎಕ್ಸ್‌ಟೆನ್ಷನ್ ಉದ್ದ ಆದಷ್ಟೂ ಹಿಚ್ ತಡೆಯೋ ತೂಕವೂ ಇಳಿಯುತ್ತೆ. ಹಿಚ್, ಎಕ್ಸ್‌ಟೆನ್ಷನ್, ಬಾಲ್, ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ.

ಹಾಗಾದ್ರೆ ಸಾಮಾನು ಟ್ರೇಲರ್‌ನ ಹಿಂದಕ್ಕೆ ತಳ್ಳಿ ಟಂಗ್ ವೇಟ್ ಇಳಿಸೋಣ ಅನ್ಸುತ್ತೆ. ಬೇಡ, ಖಂಡಿತ ಬೇಡ. ಇಂಥ ಟ್ರೇಲರ್‌ಗೆ ಅದು ಒಟ್ಟು ತೂಕದ ಶೇಕಡಾ 10ರಿಂದ 15ರ ಒಳಗಿರಬೇಕು. ಅದಕ್ಕಿಂತ ಕಡಿಮೆಯಾದ್ರೆ ಟ್ರೇಲರ್ ಎಡಕ್ಕೂ ಬಲಕ್ಕೂ ಹೊಯ್ದಾಡೋಕೆ ಶುರುವಾಗುತ್ತೆ. ವೇಗದಲ್ಲಿ ಆ ಹೊಯ್ದಾಟ ಟ್ರಕ್ಕನ್ನೇ ಉರುಳಿಸಬಹುದು.

[ದೃಶ್ಯ: ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್, ಆಮೇಲೆ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆ]

ಡ್ರೈವರ್ ಬಾಗಿಲು ತೆರೆದ್ರೆ ಸ್ಟಿಕ್ಕರ್ ಮೇಲೆ ಒಟ್ಟು ತೂಕದ ಮಿತಿ, ಒಂದೊಂದು ಆಕ್ಸಲ್‌ನ ಮಿತಿ ಬರೆದಿರುತ್ತೆ. ನೀರಿನ ಟ್ಯಾಂಕ್ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿ, ಟ್ರೇಲರ್ ಸಮೇತ ಟ್ರಕ್ ಸ್ಟಾಪ್‌ನಲ್ಲಿರೋ ಕ್ಯಾಟ್ ಸ್ಕೇಲ್ ಅನ್ನೋ ತೂಕದ ಕಟ್ಟೆ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್, ಮೂರರ ತೂಕವನ್ನೂ ಬೇರೆ ಬೇರೆ ಕೊಡ್ತಾರೆ. ಕ್ಯಾಂಪರ್‌ನ ಬ್ರೋಷರ್‌ನಲ್ಲಿರೋ ಡ್ರೈ ವೇಟ್ ನಂಬಬೇಡಿ, ಅದರಲ್ಲಿ ನೀರಿನ ಲೆಕ್ಕವೇ ಇರಲ್ಲ. 40 ಗ್ಯಾಲನ್ ನೀರೇ 330 ಪೌಂಡ್ ದಾಟುತ್ತೆ.

ಟ್ರೇಲರ್‌ಗೆ ಬ್ರೇಕ್ ಇರಲಿ, ಕ್ಯಾಬಿನ್‌ನಲ್ಲಿ ಅದನ್ನ ನಿಯಂತ್ರಿಸೋ ಬ್ರೇಕ್ ಕಂಟ್ರೋಲರ್ ಇರಲಿ. ಕನ್ನಡಿಯಲ್ಲಿ ಹಿಂದೇನೂ ಕಾಣದೇ ಇರೋದ್ರಿಂದ ಟ್ರೇಲರ್ ಹಿಂದೊಂದು ಕ್ಯಾಮೆರಾ ಹಾಕಿಸಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋವಾಗ ಗಂಟೆಗೆ 55 ಮೈಲಿ ಮೀರೋ ಹಾಗಿಲ್ಲ.

ಹಿಂದಿನ ಆಕ್ಸಲ್ ಮಿತಿ ದಾಟಿದ್ರೆ ಏನ್ಮಾಡೋದು? ಏರ್ ಸ್ಪ್ರಿಂಗ್, ಅಂದ್ರೆ ಗಾಳಿ ತುಂಬೋ ಸ್ಪ್ರಿಂಗ್ ಹಾಕಿಸಿದ್ರೆ ಟ್ರಕ್ ನೆಟ್ಟಗೆ ನಿಲ್ಲುತ್ತೆ ನಿಜ, ಆದ್ರೆ ಸ್ಟಿಕ್ಕರ್ ಮೇಲಿನ ಮಿತಿ ಒಂದು ಪೌಂಡೂ ಏರಲ್ಲ. ಟ್ಯಾಂಕ್ ಖಾಲಿ ಮಾಡಿ, ಸಾಮಾನು ಇಳಿಸಿ, ಮತ್ತೆ ತೂಗಿಸಿ. ಆಗಲೂ ಹೆಚ್ಚಿದ್ರೆ ಆ ಟ್ರೇಲರ್ ಈ ಟ್ರಕ್ಕಿಗಲ್ಲ.