ಆನೆಕಾಡಲ್ಲಿ ನಿಂತ ಮಾರುತಿ 800: ಕಾಯಿಲೆ ಒಂದಲ್ಲ, ಎರಡು

ವೀಡಿಯೊದಲ್ಲಿ ಈಗ ಕೇಳ್ತಿರೋ ಶಬ್ದ ಇದೆಯಲ್ಲ, ಗರ್ರ್... ಗರ್ರ್... ಅಂತ ಎಳ್ಕೊಂಡು ಎಳ್ಕೊಂಡು ಸತ್ತೇ ಹೋಗೋದು, ಇದು ಜುಲೈನಲ್ಲಿ ಫೋನಲ್ಲಿ ಹಿಡಿದಿದ್ದು. ಜಾಗ ಆನೆಕಾಡು. ಕೊಡಗಲ್ಲಿ ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಹತ್ತೋ ದಾರಿ. ಸಂಜೆ ಆರೂವರೆ, ಜಡಿಮಳೆ, ಪಕ್ಕದ ಸೀಟಲ್ಲಿ ಅಮ್ಮ. ಆನೆ ದಾಟೋ ಜಾಗದಲ್ಲಿ ಆ ಹೊತ್ತಿಗೆ ಗಾಡಿ ನಿಂತ್ರೆ ಎದೆ ಹೇಗೆ ಹೊಡ್ಕೊಳ್ಳತ್ತೆ ಅಂತ ನಮ್ಮೂರಿನವರಿಗೆ ನಾನು ಹೇಳ್ಬೇಕಾಗಿಲ್ಲ.

ಇದು ಅಪ್ಪನ ಗಾಡಿ. 1998ರ ಮಾರುತಿ 800, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಇರೋ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್. ನಾನು ಡ್ರೈವಿಂಗ್ ಕಲಿತಿದ್ದೂ ಇದರಲ್ಲೇ. ಇದನ್ನ ಗುಜರಿಗೆ ಹಾಕು ಅಂದೋರಿಗೆಲ್ಲ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ತೊಂದರೆ ಹೀಗಿತ್ತು. ಊರೊಳಗೆ ಓಡಿಸಿದ್ರೆ ಏನೂ ಇಲ್ಲ. ಐಡ್ಲಿಂಗ್, ಅಂದ್ರೆ ನಿಂತಲ್ಲೇ ಇಂಜಿನ್ ಓಡೋದು, ಚೆನ್ನಾಗಿದೆ. ಏರು ಶುರುವಾಗಿ ಎರಡು ಕಿಲೋಮೀಟರ್ ಆದ್ಮೇಲೆ ಜರ್ಕ್ ಹೊಡೆಯತ್ತೆ, ಆಕ್ಸಿಲರೇಟರ್ ಒತ್ತಿದಷ್ಟೂ ಎಳೆಯಲ್ಲ, ಆಮೇಲೆ ಆಫ್. ಮತ್ತೆ ಸೆಲ್ಫ್ ಹೊಡೆದ್ರೆ, ಅಂದ್ರೆ ಕೀ ತಿರುಗಿಸಿ ಸ್ಟಾರ್ಟರ್ ಮೋಟರ್ ಓಡಿಸಿದ್ರೆ, ಈ ಶಬ್ದ. ಹತ್ತು ನಿಮಿಷ ಬಿಟ್ರೆ ಕೆಲವೊಮ್ಮೆ ಸ್ಟಾರ್ಟ್, ಕೆಲವೊಮ್ಮೆ ಇಲ್ಲ. ಒಂದು ಅಂಗಡಿಯಲ್ಲಿ ಬ್ಯಾಟರಿ ಹೊಸದು ಹಾಕಿದ್ರು. ಇನ್ನೊಂದು ಕಡೆ ಪ್ಲಗ್ಗು, ಡಿಸ್ಟ್ರಿಬ್ಯೂಟರ್ ಕ್ಯಾಪು ಬದಲಾಯ್ತು. ದುಡ್ಡು ಹೋಯ್ತು, ಕಾಯಿಲೆ ಹೋಗ್ಲಿಲ್ಲ.

ಆನೆಕಾಡಲ್ಲಿ ಆವತ್ತು ಎರಡು ಸುಳಿವು ಸಿಕ್ಕಿದ್ವು. ಹಿಂದೆ ಬಂದ ಜೀಪಿನವರು ಇಳಿದು, ಗಾಡಿ ಇಳಿಜಾರಿಗೆ ತಿರುಗಿಸಿ ತಳ್ಳಿಕೊಟ್ರು. ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟಿದ್ದೇ ತಡ, ಒಂದೇ ಏಟಿಗೆ ಸ್ಟಾರ್ಟ್! ಅಂದ್ರೆ ಅಷ್ಟು ಹೊತ್ತಿಗೆ ಪೆಟ್ರೋಲೂ ಬಂದಿದೆ, ಸ್ಪಾರ್ಕೂ ಇದೆ. ಸೆಲ್ಫ್ ಮಾತ್ರ ಸರಿಯಾಗಿ ತಿರುಗ್ತಿಲ್ಲ. ಎರಡನೇದು, ಅದಕ್ಕೂ ಮೊದ್ಲು ಬಾನೆಟ್ ಎತ್ತಿ ಅದೂ ಇದೂ ಮುಟ್ಟಿ ನೋಡುವಾಗ ಆಕ್ಸಿಲರೇಟರ್ ಕೇಬಲ್ ಕೈಗೆ ಬಿಸಿ ತಾಗ್ತು. ಕೇಬಲ್ ಯಾಕೆ ಬಿಸಿಯಾಗ್ಬೇಕು? ಮನೆಗೆ ಬಂದು ಮಲಗಿದ್ರೂ ಅದೇ ತಲೆಯಲ್ಲಿ.

ಮಾರನೇ ದಿನ ಶೆಡ್‌ನಲ್ಲಿ ಮಲ್ಟಿಮೀಟರ್ ಇಟ್ಕೊಂಡು ಕೂತೆ. ಮೀಟರ್ ಸ್ಕ್ರೀನ್ ಹತ್ತಿರದಿಂದ ನೋಡಿ. ಬ್ಯಾಟರಿ ಸುಮ್ಮನೆ ಇದ್ದಾಗ 12.6 ವೋಲ್ಟ್, ಫುಲ್ ಚಾರ್ಜ್. ತಮ್ಮ ಸೆಲ್ಫ್ ಹೊಡೀತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ 10.8. ಬ್ಯಾಟರಿ ತಪ್ಪೇನಿಲ್ಲ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ನೇರ ಇಂಜಿನ್ ಬ್ಲಾಕ್ ಮೇಲೆ. ಸೆಲ್ಫ್ ಹೊಡೆದಾಗಲೂ ಇಲ್ಲಿ ಅರ್ಧ ವೋಲ್ಟ್ ದಾಟಬಾರದು. ನಮಗೆ ಬಂದಿದ್ದು 2.9! ಹತ್ತಿರ ಹತ್ತಿರ ಮೂರು ವೋಲ್ಟ್ ದಾರಿಯಲ್ಲೇ ಸೋರಿಹೋಗಿ, ಸ್ಟಾರ್ಟರ್ ಮೋಟರಿಗೆ ಎಂಟೂ ಸಿಗ್ತಿರಲಿಲ್ಲ.

ಬ್ಯಾಟರಿ ನೆಗೆಟಿವನ್ನ ಇಂಜಿನ್ನಿಗೆ ಸೇರಿಸೋದು ಅರ್ತ್ ವೈರ್. ಗೇರ್‌ಬಾಕ್ಸ್ ಹತ್ತಿರ ಅದು ಕೂತಿರೋ ಬೋಲ್ಟ್ ಬಿಚ್ಚಿದೆ. ಮೇಲಿಂದ ನೋಡೋಕೆ ಗಟ್ಟಿಯಾಗೇ ಇತ್ತು. ಬಿಚ್ಚಿದ್ಮೇಲೆ ನೋಡಿ, ವೈರಿನ ತುದಿಯ ಲೋಹದ ಲಗ್‌ನ ಅಡಿಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ತುಕ್ಕು. ನಮ್ಮ ಮಳೆಗಾಲದ ತೇವ ಬಾಗಿಲ ಚಿಲಕವನ್ನೇ ಬಿಡಲ್ಲ, ಇದನ್ನ ಬಿಡತ್ತಾ? ಇಲ್ಲಿ ದಾರಿ ಕಟ್ಟಿದ್ದಕ್ಕೆ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ಕಾರಿನ ಬಾಡಿಯ ಕಡೆ ಹೋಗ್ತಿತ್ತು. ಬಿಸಿಯಾಗಿದ್ದು ಅದಕ್ಕೇ. ಎಮರಿ ಪೇಪರಲ್ಲಿ ಲೋಹ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಈಗ ಅದೇ ಅಳತೆ 0.2 ವೋಲ್ಟ್. ಸೆಲ್ಫ್ ಶಬ್ದ ಕೇಳಿ... ಇದು ಅಪ್ಪ ಕೊಂಡಾಗಿನ ಶಬ್ದ.

ಆದ್ರೆ ಏರಲ್ಲಿ ಆಫ್ ಆಗಿದ್ದು ಯಾಕೆ? ಅರ್ತ್ ಸರಿ ಮಾಡಿ ಮಡಿಕೇರಿ ದಾರಿಯ ಬೋಯಿಕೇರಿ ಏರಿಗೆ ಹೋದೆ, ಮತ್ತೆ ಜರ್ಕ್. ಇಷ್ಟು ದಿನ ನಾವೆಲ್ಲ ಎಡವಿದ್ದು ಇಲ್ಲೇ. ನಿಲ್ಲೋದಕ್ಕೂ ಸ್ಟಾರ್ಟ್ ಆಗದೇ ಇರೋದಕ್ಕೂ ಒಂದೇ ಕಾರಣ ಹುಡುಕ್ತಿದ್ವಿ.

ಸ್ಪಾರ್ಕಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ವೈರ್ ಕಳಚಿ, ಕಾರ್ಬ್ಯುರೇಟರಿಗೆ ಹೋಗೋ ಪೈಪನ್ನ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದ್ವಿ. ಕಾಯಿಲ್ ವೈರ್ ಕಳಚದೆ ದಯವಿಟ್ಟು ಇದನ್ನ ಮಾಡ್ಬೇಡಿ, ಒಂದು ಕಿಡಿ ಸಾಕು. ಪೆಟ್ರೋಲ್ ಚಿಮ್ಮಬೇಕಿತ್ತು, ತೊಟ್ಟಿಕ್ತು. ಪೆಟ್ರೋಲ್ ಫಿಲ್ಟರ್ ಕೊಯ್ದು ನೋಡಿದ್ರೆ ಒಳಗೆ ಕಾಫಿ ಚರಟದ ಬಣ್ಣದ ತುಕ್ಕಿನ ಪುಡಿ. ಐಡ್ಲಿಂಗಿಗೆ ಆ ತೊಟ್ಟೇ ಸಾಕು. ಏರಿಗೆ ಸಾಕಾಗಲ್ಲ, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು ಖಾಲಿ. ನಿಲ್ಲಿಸಿ ಸೆಲ್ಫ್ ಹೊಡೀತಿದ್ರೆ ನಿಧಾನ ತುಂಬತ್ತೆ, ಮತ್ತೆ ಗಾಡಿ ಓಡತ್ತೆ. ಟ್ಯಾಂಕಿಂದ ತೆಗೆದ ಪೆಟ್ರೋಲ್ ಈ ಬಾಟಲಿಯಲ್ಲಿದೆ, ತಳದಲ್ಲಿ ಗುಂಡುಗುಂಡಾಗಿ ಕೂತಿರೋದು ನೀರು. ಮಳೆಗಾಲದಲ್ಲಿ ಹೆಚ್ಚಾಗಿ ಅರ್ಧ ಟ್ಯಾಂಕಲ್ಲಿ ಶೆಡ್‌ನಲ್ಲೇ ನಿಲ್ಲೋ ಗಾಡಿ ಇದು. ಖಾಲಿ ಜಾಗದ ತೇವದ ಗಾಳಿ ರಾತ್ರಿ ಚಳಿಗೆ ನೀರಾಗತ್ತೆ, ಕಬ್ಬಿಣದ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯತ್ತೆ.

ಹೊಸ ಫಿಲ್ಟರ್ ಹಾಕಿ ನಿನ್ನೆ ಮತ್ತೆ ಬೋಯಿಕೇರಿ ಹತ್ತಿದ್ವಿ. ವೈಪರ್, ಹೆಡ್‌ಲೈಟ್ ಎಲ್ಲ ಆನ್. ಓಡಿಸಿದ್ದು ಅಪ್ಪ. ಮೇಲೆ ಹೋಗಿ ಅವರೇ ಬೇಕಂತ ಆಫ್ ಮಾಡಿ, ಮತ್ತೆ ಕೀ ತಿರುಗಿಸಿದ್ರು. ಸ್ಟಾರ್ಟ್. ಇನ್ನೊಂದ್ಸಲ ಆಫ್ ಮಾಡಿ, ಇನ್ನೊಂದ್ಸಲ ಸ್ಟಾರ್ಟ್ ಮಾಡಿದ್ರು. ಟ್ಯಾಂಕ್ ಇಳಿಸಿ ತೊಳೆಯೋದು ಬಾಕಿ ಇದೆ, ಮಳೆ ನಿಂತ ಮೇಲೆ. ಅಲ್ಲಿ ತನಕ ಡ್ಯಾಶ್‌ಬೋರ್ಡಲ್ಲಿ ಎರಡು ಫಿಲ್ಟರ್ ಇಟ್ಟಿದ್ದೀನಿ.