ಶತಾವರಿ ಯಾವ ತೊಂದರೆಗೆ?

ಎಲ್ಲರಿಗೂ ನಮಸ್ಕಾರ. ಹೆಂಗಸರ ಲೈಂಗಿಕ ಆರೋಗ್ಯ ಮತ್ತು ಗಿಡಮೂಲಿಕೆ, ಇದು ಇವತ್ತಿನ ವಿಷಯ. ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಮಾತು ಸಲೀಸಾಗುತ್ತದೆ.

"ಯಾವ ಬೇರು ಒಳ್ಳೆಯದು ಮೇಡಂ?" ಅಂತ ಕೇಳುತ್ತಾರೆ. ಮೊದಲು ತೊಂದರೆ ಏನು ಹೇಳಿ ಅನ್ನುತ್ತೇನೆ ನಾನು. ಆಸೆಯೇ ಹುಟ್ಟುವುದಿಲ್ಲವೇ? ಆಸೆ ಇದ್ದೂ ನೋವಾಗುತ್ತದೆಯೇ? ಒಣಗಿ ಉರಿಯುತ್ತದೆಯೇ? ಇವು ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಡಬ್ಬಿ ಪುಡಿ ಸಾಕು ಎಂದು ಯಾರಾದರೂ ಮಾರಿದರೆ ನಂಬಬೇಡಿ. ಲೈಂಗಿಕ ಸುಖ ಹೆಚ್ಚಿಸುತ್ತದೆ, ಮುಟ್ಟಿನ ದೋಷ ಸರಿಮಾಡುತ್ತದೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ಆದರೂ ಮೊಬೈಲ್ ತೆಗೆದರೆ ಅವೇ ಕಾಣುತ್ತವೆ, ಅಲ್ವಾ?

ಶತಾವರಿಯನ್ನು ಹಳ್ಳಿ ಕಡೆ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಗಿಡ ಕಿತ್ತರೆ ಬುಡದಲ್ಲಿ ಗೊಂಚಲು ಗೊಂಚಲು ಗೆಡ್ಡೆ. ಒಣಗಿಸಿ, ಪುಡಿ ಮಾಡಿ, ಹಾಲಿಗೆ ಹಾಕಿ ಕುಡಿಯುವುದು ರೂಢಿ. ಬಾಣಂತಿಯರಿಗೆ ಹಾಲು ಬರಲೆಂದು, ಸುಸ್ತು ಹೋಗಲೆಂದು ತಲೆಮಾರುಗಳಿಂದ ಕೊಟ್ಟಿದ್ದಾರೆ. ಆಸೆ ಹೆಚ್ಚಿಸುತ್ತದೆ ಎನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಅಶ್ವಗಂಧ ಅಂದರೆ ನಮ್ಮ ಹಿರೇಮದ್ದಿನ ಗಿಡ. ಇದನ್ನು ಸ್ವಲ್ಪ ಪರೀಕ್ಷೆ ಮಾಡಿ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಮಹಿಳೆಯರಿದ್ದರು. ಕೆಲವರಿಗೆ ದಿನಕ್ಕೆರಡು ಸಲ 300 ಮಿಲಿಗ್ರಾಂ ಬೇರಿನ ಸಾರ, ಉಳಿದವರಿಗೆ ಔಷಧಿ ಇಲ್ಲದ ಸುಮ್ನೆ ಗುಳಿಗೆ. 8 ವಾರದ ನಂತರ ಸಾರ ತೆಗೆದುಕೊಂಡವರಲ್ಲಿ ಸುಧಾರಣೆ ಜಾಸ್ತಿ ಕಂಡಿತು. ಒತ್ತಡ ಇಳಿದದ್ದೇ ಕಾರಣ ಇರಬಹುದು. ಆದರೆ 50 ಜನ ಅಂದರೆ ಒಂದು ಬಸ್ಸಿನಷ್ಟು, ಅಷ್ಟರಿಂದ ಊರಿಗೆಲ್ಲ ಔಷಧಿ ಬರೆಯಲಾಗದು. ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಕೇಳಿಯೇ ತೆಗೆದುಕೊಳ್ಳಬೇಕು. ಲಿವರ್‌ಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ.

ಅಶೋಕದ ತೊಗಟೆ ಆಸೆಗಲ್ಲ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದಕ್ಕೆ ಆಯುರ್ವೇದದಲ್ಲಿ ಕೊಡುವಂಥದ್ದು. ಅದರಲ್ಲೂ ಕಲಬೆರಕೆ ಇದೆ. ರಸ್ತೆ ಬದಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನೂ ಜನ ಅಶೋಕ ಅನ್ನುತ್ತಾರೆ, ಅದರ ತೊಗಟೆಯನ್ನೂ ಸೇರಿಸಿ ಮಾರುತ್ತಾರೆ. ಇನ್ನು ಪುಡಿಗಳಲ್ಲಿ ಲೋಹದ ಭಯ. ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಈ ವರದಿ 2008ರದ್ದು. ಗಿಡದ್ದು, ಏನೂ ಆಗಲ್ಲ ಎನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ.

ಮುಟ್ಟು ನಿಂತ ಮೇಲೆ ಒಣಗಿ ನೋವಾಗುತ್ತದೆ ಎನ್ನುವವರು ಬಹಳ. ಈಸ್ಟ್ರೋಜನ್ ಇಳಿದು ಯೋನಿಯ ಒಳಪದರ ತೆಳ್ಳಗಾಗುತ್ತದೆ. ಇದಕ್ಕೆ ಬೇರು ಹುಡುಕುತ್ತಾ ವರ್ಷ ಕಳೆಯಬೇಡಿ. ಜಾರಿಕೆಯ ಜೆಲ್ ಇದೆ, ವೈದ್ಯರು ಬರೆದುಕೊಡುವ ಹಚ್ಚುವ ಕ್ರೀಂ ಇದೆ. ಕೊಬ್ಬರಿ ಎಣ್ಣೆ ಹಚ್ಚುವವರು ಒಂದು ನೆನಪಿಡಿ, ಎಣ್ಣೆ ತಾಗಿದರೆ ರಬ್ಬರ್ ಕಾಂಡೋಮ್ ಹರಿಯುತ್ತದೆ.

ಬೇವಿನ ನೀರು, ತ್ರಿಫಲದ ಕಷಾಯದಲ್ಲಿ ಒಳಗೆಲ್ಲ ತೊಳೆಯುವುದನ್ನು ಬಿಟ್ಟುಬಿಡಿ. ಒಳಗೆ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಇವೆ, ಅವನ್ನೂ ತೊಳೆದು ಹಾಕಿದ ಹಾಗಾಗುತ್ತದೆ. ಹೊರಗೆ ಬರೀ ನೀರು ಸಾಕು.

ಆಸೆ ಇಲ್ಲ ಎನ್ನುವವರಿಗೆ ನಾನು ಮೊದಲು ರಕ್ತ ಪರೀಕ್ಷೆ ಹೇಳುತ್ತೇನೆ. 2019-21ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಪಾತ್ರೆ ತೊಳೆದು ಮಲಗುವವಳಿಗೆ ಯಾವ ಶತಾವರಿ ಆಸೆ ಹುಟ್ಟಿಸುತ್ತದೆ? ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಆಸೆ ಕುಗ್ಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ, ಬದಲಿಸುತ್ತಾರೆ.

ಇನ್ನೊಂದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಬಂದರೆ, ಕಷಾಯ ಕುದಿಸುತ್ತಾ ಕೂರಬೇಡಿ. ಅದೇ ವಾರ ತೋರಿಸಿ. ಈಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ.