ಟೀ ಶರ್ಟಿಗಾಗಿ ಬಂದ ಪುಲ್ ರಿಕ್ವೆಸ್ಟು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆ ಅಲ್ವಾ?

2020ರ ಅಕ್ಟೋಬರ್‌ನಿಂದ ಶುರು ಮಾಡ್ತೇನೆ. ಹ್ಯಾಕ್ಟೋಬರ್‌ಫೆಸ್ಟ್ ಅಂತ ಒಂದು ಹಬ್ಬ ಇದೆ, ಡಿಜಿಟಲ್‌ಓಷನ್ ಕಂಪನಿ 2014ರಲ್ಲಿ ಶುರು ಮಾಡಿದ್ದು. ಆ ತಿಂಗಳಲ್ಲಿ ಗಿಟ್‌ಹಬ್‌ನ ಓಪನ್ ಸೋರ್ಸ್ ಕೋಡಿಗೆ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡಿಗೆ, ನಾಲ್ಕು ಪುಲ್ ರಿಕ್ವೆಸ್ಟ್ (‘ಈ ತಿದ್ದುಪಡಿ ಸೇರಿಸಿಕೊಳ್ಳಿ’ ಅನ್ನುವ ಕೋರಿಕೆ) ಕಳಿಸಿದರೆ ಒಂದು ಟೀ ಶರ್ಟ್ ಮನೆಗೆ ಬರುತ್ತಿತ್ತು. 2020ರಲ್ಲಿ ಮೊದಲು ಮುಗಿಸಿದ 70,000 ಜನರಿಗೆ ಅಂತ ಲೆಕ್ಕ. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ದೇಶದ್ದೇ ಒಂದು ಯೂಟ್ಯೂಬ್ ವಿಡಿಯೊ ನೋಡಿದ ಹುಡುಗರು ಯಾರ್ಯಾರದೋ ರೆಪೊ, ಅಂದರೆ ಕೋಡ್ ಇಟ್ಟ ಜಾಗ ತೆರೆದು, ಅದರ ಪರಿಚಯ ಬರೆದಿಡುವ ರೀಡ್‌ಮಿ ಫೈಲಿನಲ್ಲಿ ‘ಅಮೇಜಿಂಗ್ ಪ್ರಾಜೆಕ್ಟ್’ ಅಂತ ಸೇರಿಸಿ, ‘ಇಂಪ್ರೂವ್ ಡಾಕ್ಸ್’ ಅಂತ ತಲೆಬರಹ ಕೊಟ್ಟು ಕಳಿಸತೊಡಗಿದರು. ಒಬ್ಬರಲ್ಲ, ಇಬ್ಬರಲ್ಲ.

ಕಳಿಸುವವನಿಗೆ ಒಂದು ನಿಮಿಷದ ಕೆಲಸ. ಆ ಕಡೆ ಮೇಂಟೇನರ್, ಅಂದರೆ ಆ ಕೋಡನ್ನು ನೋಡಿಕೊಳ್ಳುವವರು, ಅದನ್ನು ತೆರೆಯಬೇಕು, ಓದಬೇಕು, ಲೇಬಲ್ ಹಚ್ಚಬೇಕು, ಮುಚ್ಚಬೇಕು, ಮೇಲಾಗಿ ಆ ರೆಪೊವನ್ನು ವಾಚ್ ಮಾಡುವ ಪ್ರತಿಯೊಬ್ಬರಿಗೂ ಒಂದೊಂದು ಮೇಲ್. ಮದುವೆ ಮನೆಯಲ್ಲಿ ಊಟ ಮಾಡಿದವನು ಎದ್ದು ಹೋಗುತ್ತಾನೆ, ಎಲೆ ಎತ್ತುವವರ ಸೊಂಟ ಕೇಳಬೇಕು.

ಇದನ್ನು ಹೇಗೆ ನಿಲ್ಲಿಸಿದರು ಅನ್ನೋದೇ ನನಗೆ ಇಷ್ಟವಾದ ಭಾಗ. ದೊಡ್ಡ ಫಿಲ್ಟರ್ ಏನೂ ಬರೆಯಲಿಲ್ಲ. ಅಲ್ಲಿಯವರೆಗೆ ಯಾವ ರೆಪೊಗೆ ಕಳಿಸಿದರೂ ಲೆಕ್ಕಕ್ಕೆ ಬರುತ್ತಿತ್ತು, ಬೇಡ ಅನ್ನುವ ಮೇಂಟೇನರ್ ತಾನೇ ‘ಇನ್‌ವ್ಯಾಲಿಡ್’ ಅಂತ ಗುರುತು ಹಾಕಬೇಕಿತ್ತು. ಅಕ್ಟೋಬರ್ 3ರಂದು ಇದನ್ನು ತಿರುಗಿಸಿದರು: ‘ನಮಗೆ ಬೇಕು’ ಅಂತ ಮೊದಲೇ ಹೇಳಿಕೊಂಡ ರೆಪೊ ಮಾತ್ರ, ಅದರಲ್ಲೂ ಮೇಂಟೇನರ್ ಒಪ್ಪಿದ್ದು ಮಾತ್ರ ಲೆಕ್ಕ. 2023ರಲ್ಲಿ ಟೀ ಶರ್ಟೇ ಹೋಯಿತು, ಡಿಜಿಟಲ್ ಬ್ಯಾಡ್ಜ್ ಬಂತು.

ಸ್ಪ್ಯಾಮ್ ಅಂದ ಕೂಡಲೇ ನಾವು ಅಳಿಸುವ ಬಟನ್ ಹುಡುಕುತ್ತೇವೆ. ನಾನು ಮೊದಲು ಕೇಳೋದು, ಇಲ್ಲಿ ಏನನ್ನು ಎಣಿಸುತ್ತಿದ್ದಾರೆ? ಎಣಿಸಿದ್ದು ಬೆಳೆಯುತ್ತದೆ. ಟೀ ಅನ್ನುವ ಯೋಜನೆ ನೋಡಿ. ಓಪನ್ ಸೋರ್ಸ್ ಬರೆಯುವವರಿಗೆ ಕ್ರಿಪ್ಟೊ ಟೋಕನ್ ಕೊಡುತ್ತೇವೆ ಅಂದಿತು. ಸರಿ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು, ಅಂದರೆ ಸಿದ್ಧ ಕೋಡಿನ ಕಟ್ಟುಗಳನ್ನು ಹಂಚುವ ಎನ್‌ಪಿಎಂಗೆ ಖಾಲಿ ಪ್ಯಾಕೇಜುಗಳು ಸುರಿದವು, ಒಂದು ಇನ್ನೊಂದನ್ನು ಬಳಸುತ್ತೇನೆ ಅಂತ ಸುಮ್ನೆ ಹೆಸರು ಬರೆದುಕೊಂಡು. 2025ರ ನವೆಂಬರಿನಲ್ಲಿ ಅಮೆಜಾನ್‌ನ ಭದ್ರತಾ ತಂಡ ಇಂಥವು 1,50,000ಕ್ಕಿಂತ ಜಾಸ್ತಿ ಇವೆ ಅಂತ ಹೇಳಿತು.

ಎಲ್ಲ ಕಸವೂ ಬಹುಮಾನದ ಆಸೆಗೆ ಬರೋದಿಲ್ಲ, ಒಪ್ಪುತ್ತೇನೆ. ಪೈಥಾನ್‌ ಭಾಷೆಯವರು ಪ್ಯಾಕೇಜು ಹಂಚುವ ಪೈಪಿಐನಲ್ಲಿ ಹೆಸರುವಾಸಿ ಪ್ಯಾಕೇಜಿನ ಹೆಸರನ್ನೇ ಒಂದಕ್ಷರ ತಪ್ಪಾಗಿ ಬರೆದು ಮಾಲ್‌ವೇರ್ ಏರಿಸುತ್ತಾರೆ. 2024ರ ಮಾರ್ಚ್ 28ರಂದು ಕಾಟ ತಡೆಯಲಾರದೆ ಹೊಸ ಖಾತೆ, ಹೊಸ ಪ್ರಾಜೆಕ್ಟ್ ಎರಡನ್ನೂ ಕೆಲವು ಗಂಟೆ ನಿಲ್ಲಿಸಿದ್ದರು. ಅದು ಕಳ್ಳತನ, ಅದರ ಮದ್ದು ಬೇರೆ.

ಕಷ್ಟ ಇರೋದು ಗುಣಮಟ್ಟದ ವಿಷಯದಲ್ಲಿ. ನಾನೂ ಒಂದು ಸಣ್ಣ ರೆಪೊ ಇಟ್ಟುಕೊಂಡಿದ್ದೇನೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವುದು, ಅಷ್ಟೆ. ಒಂದು ವಾರ ರೀಡ್‌ಮಿ ತಿದ್ದುವವರ ಹಾವಳಿ ಬಂತು. ಹದಿನೈದಿಪ್ಪತ್ತು ಆದಮೇಲೆ ನಾನು ಓದೋದನ್ನೇ ಬಿಟ್ಟೆ. ‘ಅಪ್‌ಡೇಟ್ ರೀಡ್‌ಮಿ’ ಅಂತ ಕಂಡರೆ ಸ್ಪ್ಯಾಮ್ ಲೇಬಲ್, ಕ್ಲೋಸ್.

ಎರಡು ತಿಂಗಳ ಮೇಲೆ ಒಬ್ಬ ಮೇಷ್ಟ್ರು ಮೇಲ್ ಮಾಡಿದರು: ‘ಸೂರ್ಯ ಅಂತ ಇರುವ ಕಡೆಯೆಲ್ಲ ಅರ್ಕಾವತ್ತು ಕಿತ್ತುಬರ್ತಿದೆ, ನೋಡಿ.’ ನುಡಿಯ ಹಳೆ ಫೈಲಿನಲ್ಲಿ ಅರ್ಕಾವತ್ತು ಯಕಾರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ನನ್ನ ಕೋಡಿನಲ್ಲಿ ಒಂದು ಕಡೆ ತಪ್ಪಿತ್ತು. ಸರಿಮಾಡೋಕೆ ಹಳೆಯದನ್ನೆಲ್ಲ ಹುಡುಕುವಾಗ, ನಾನೇ ಮುಚ್ಚಿದ್ದ ಒಂದು ಪುಲ್ ರಿಕ್ವೆಸ್ಟ್ ಸಿಕ್ಕಿತು. ತಲೆಬರಹ ‘ಅಪ್‌ಡೇಟ್ ರೀಡ್‌ಮಿ’. ಒಳಗೆ ರೀಡ್‌ಮಿಯ ಒಂದು ಸಾಲು, ಅದರ ಕೆಳಗೆ ಅರ್ಕಾವತ್ತಿನ ತಿದ್ದುಪಡಿ, ನಾಲ್ಕೇ ಸಾಲು, ನಾನು ಬರೆಯುತ್ತಿದ್ದುದಕ್ಕಿಂತ ಚೊಕ್ಕ. ಅದನ್ನು ಕಳಿಸಿದವನ ಖಾತೆಯಿಂದ ಹೋದ ಮೊದಲ ಪುಲ್ ರಿಕ್ವೆಸ್ಟ್ ಅದು. ಆಮೇಲೆ ಬೇರೆ ಯಾವುದೂ ಇರಲಿಲ್ಲ.

ಲೇಬಲ್ ಕಿತ್ತು, ಕ್ಷಮಿಸಪ್ಪಾ ಅಂತ ಬರೆದು, ಆತನ ಹೆಸರಲ್ಲೇ ಮರ್ಜ್ ಮಾಡಿದೆ, ಅಂದರೆ ಕೋಡಿಗೆ ಸೇರಿಸಿಕೊಂಡೆ. ಉತ್ತರ ಬಂದಿಲ್ಲ.

ಪ್ರಶ್ನೆ ಇದ್ದರೆ ಕೇಳಿ.